ಗಾಜಿನ ಅಂಚಿನಲ್ಲಿ ಕೂದಲೆಳೆಯ ಸಂದು

12 ಮೇ 2024, ಭಾನುವಾರ

ಸೌರ ಬಿರುಗಾಳಿಯಿಂದ ಲಡಾಖಿನ ಹಾನ್ಲೆಯಲ್ಲಿ ಮೊನ್ನೆ ರಾತ್ರಿ ಕೆಂಪಾದ ಆಕಾಶ ಈಗ ಎಲ್ಲರ ಫೋನಿನಲ್ಲೂ ಇದೆ. ಭೂಮಿಯ ಕಾಂತಕ್ಷೇತ್ರ ಎಷ್ಟು ಅಲುಗಿತೆಂದು ಹೇಳುವ ಭೂಕಾಂತೀಯ ಅಳತೆಯಲ್ಲಿ ಆ ಬಿರುಗಾಳಿ ಜಿ5, ತುತ್ತತುದಿ. ಆದರೆ ಉಪಗ್ರಹದ ಸೋಲಾರ್ ಪ್ಯಾನೆಲ್‌ಗೆ ಲೆಕ್ಕಕ್ಕೆ ಬರುವುದು ಸೂರ್ಯನಿಂದ ಚಿಮ್ಮಿ ಬರುವ ಪ್ರೋಟಾನ್ ಕಣಗಳ ಬಿರುಗಾಳಿಯನ್ನು ಅಳೆಯುವ ಎಸ್ ಶ್ರೇಣಿ. ಅದು ಈ ಸಲ ಎಸ್2 ದಾಟಲಿಲ್ಲ. 2000ದ ಜುಲೈ 14ರಂದು ಎಸ್4 ಬಂದಾಗ ಸೂರ್ಯನನ್ನು ಗಮನಿಸುವ ಸೋಹೊ ನೌಕೆಯ ಪ್ಯಾನೆಲ್‌ಗಳು ವರ್ಷದ ಸವೆತವನ್ನು ಒಂದೆರಡು ದಿನದಲ್ಲೇ ಕಂಡವು.

ಎಸ್ ಶ್ರೇಣಿಯನ್ನೂ ಪೂರ್ತಿ ನಂಬುವಂತಿಲ್ಲ. ಅದು ಎಣಿಸುವುದು 10 ಎಂಇವಿ (ಕಣದ ಶಕ್ತಿಯ ಅಳತೆ) ಮೇಲಿನ ಪ್ರೋಟಾನ್‌ಗಳನ್ನು. ಅವು ಪ್ಯಾನೆಲ್ಲಿನಲ್ಲಿ ಬೆಳಕನ್ನು ಕರೆಂಟಾಗಿಸುವ ಸೆಲ್ಲನ್ನು ತೂರಿ ಆಚೆ ಹೋಗುತ್ತವೆ. ಒಂದೊಂದಾಗಿ ನೋಡಿದರೆ ಹೆಚ್ಚು ಕೆಡಿಸುವವು, ಸೆಲ್ಲಿನ ಮೇಲೆ ಅಂಟಿಸಿದ ರಕ್ಷಣೆಯ ಗಾಜನ್ನು ದಾಟುವಷ್ಟೇ ಕಸುವಿದ್ದು ಸೆಲ್ಲಿನೊಳಗೇ ನಿಂತು, ಹರಳಿನ ಪರಮಾಣುಗಳನ್ನು ಜಾಗ ತಪ್ಪಿಸುವಂಥವು. ಸೀರಿಯಂ ಎಂಬ ಧಾತು ಬೆರೆಸಿದ 100 ಮೈಕ್ರಾನ್ ದಪ್ಪದ ಗಾಜು ಸುಮಾರು 3 ಎಂಇವಿವರೆಗೆ ತಡೆಯುತ್ತದೆ. ಸೀರಿಯಂ ಇಲ್ಲದಿದ್ದರೆ ವಿಕಿರಣಕ್ಕೆ ಗಾಜೇ ಕಂದುಗಟ್ಟುತ್ತದೆ. ದಪ್ಪ ಇಮ್ಮಡಿಸಿದರೆ ತಡೆ 5 ಎಂಇವಿಗೆ ಏರುತ್ತದೆ, ತೂಕ ಚದರ ಮೀಟರಿಗೆ ಕಾಲು ಕಿಲೊ ಹೆಚ್ಚುತ್ತದೆ.

ದಪ್ಪಕ್ಕಿಂತ ಅಂಚು ಮುಖ್ಯ. ಗಾಜು ಸೆಲ್ಲಿನ ನಾಲ್ಕೂ ಬದಿಗೆ ತುಸು ಚಾಚಿಕೊಂಡಿರಬೇಕು. ಸಿಲಿಕೋನ್ ಅಂಟು ಒಣಗುವ ಮುನ್ನ ಗಾಜು ಜಾರಿದರೆ ಒಂದು ಬದಿ ಕೂದಲೆಳೆಯಷ್ಟು ಬಯಲಾಗುತ್ತದೆ. ಕಡಿಮೆ ಶಕ್ತಿಯ ಪ್ರೋಟಾನ್‌ಗಳೇ ಸಂಖ್ಯೆಯಲ್ಲಿ ಅತಿ ಹೆಚ್ಚು. ಬಯಲಾದ ಆ ಅಂಚಿನಲ್ಲಿ ಅವು ಸೆಲ್ಲಿನೊಳಗೆ ಕರೆಂಟು ಹುಟ್ಟಿಸುವ ಸಂಧಿಯನ್ನೇ ಕೆಡಿಸಿ ಕರೆಂಟು ಸೋರುವಂತೆ ಮಾಡುತ್ತವೆ. ಸೋರಿಕೆ ಇಡೀ ಸೆಲ್ಲಿನ ವೋಲ್ಟೇಜನ್ನು ಎಳೆಯುವುದರಿಂದ ನಷ್ಟ ಬಯಲಾದ ಜಾಗದ ಅನುಪಾತಕ್ಕಿಂತ ಎಷ್ಟೋ ಹೆಚ್ಚು. ಅಂಟು ಒಣಗುವ ಮುನ್ನವೂ ಆಮೇಲೂ ಮೈಕ್ರೊಸ್ಕೋಪಿನಡಿ ನಾಲ್ಕೂ ಅಂಚು ನೋಡಲೇಬೇಕು.

ಮೂರು ಪದರದ ಸೆಲ್ಲಿನಲ್ಲಿ ಮೊದಲು ಸೊರಗುವುದು ನಡುವಿನ ಗ್ಯಾಲಿಯಂ ಆರ್ಸೆನೈಡ್ ಪದರ. ಪದರಗಳು ಸರಣಿಯಲ್ಲಿರುವುದರಿಂದ ಕಡಿಮೆ ಕರೆಂಟು ಕೊಡುವ ಪದರದ್ದೇ ಕಾರುಬಾರು. ಅದಕ್ಕೇ ಮೇಲಿನ ಪದರವನ್ನು ಬೇಕೆಂದೇ ತೆಳುವಾಗಿಸಿ, ನಡುವಿನದಕ್ಕೆ ಆರಂಭದಲ್ಲಿ ಹೆಚ್ಚುವರಿ ಬೆಳಕು ಬಿಡುತ್ತಾರೆ.

ಬಿರುಗಾಳಿ ಬಂದಾಗ ಪ್ಯಾನೆಲ್ ಓರೆ ಮಾಡಿದರಾಯಿತು ಎನ್ನುವವರಿದ್ದಾರೆ. ಸ್ವಲ್ಪ ಹೊತ್ತಿನಲ್ಲೇ ಪ್ರೋಟಾನ್‌ಗಳು ಎಲ್ಲ ದಿಕ್ಕಿನಿಂದಲೂ ಬರತೊಡಗುತ್ತವೆ. ಓರೆ ಮಾಡಿದರೆ ಕರೆಂಟಷ್ಟೇ ಹೋಗುತ್ತದೆ. ಪ್ಯಾನೆಲ್ಲನ್ನು ಮೊದಲೇ ದೊಡ್ಡದು ಮಾಡಿಡುವುದೇ ದಾರಿ. ಆಯುಸ್ಸಿನ ಕೊನೆಗೆ 1000 ವ್ಯಾಟ್ ಬೇಕೆನ್ನಿ: ವಿಕಿರಣದ ಸವೆತ ಕಳೆದು ಉಳಿಯುವ ಪಾಲು 0.86, ಕಾವಿನ ನಷ್ಟ ಕಳೆದು 0.93, ಬೇರೆ ನಷ್ಟಗಳನ್ನು ಕಳೆದು 0.95. ಗುಣಿಸಿದರೆ 0.76. ಅಲ್ಲಿಗೆ ಮೊದಲ ದಿನ 1316 ವ್ಯಾಟ್ ಇರಬೇಕು. ಇದರ ಮೇಲೆ ಸೆಲ್ಲುಗಳ ಒಂದು ಸಾಲು ಪೂರ್ತಿ ಕೈಕೊಟ್ಟರೂ ನಡೆಯುವಷ್ಟು ಹೆಚ್ಚುವರಿ.

ಈ ವಾರ ಟೆಲಿಮೆಟ್ರಿಯಲ್ಲಿ, ಅಂದರೆ ಉಪಗ್ರಹ ಕಳಿಸುವ ಅಳತೆಗಳಲ್ಲಿ, ಕರೆಂಟು ಇಳಿದದ್ದು ಕಂಡರೆ ಬಿರುಗಾಳಿಯನ್ನು ದೂರುವ ಮೊದಲು ಸೂರ್ಯನ ದೂರ ಬದಲಾದದ್ದನ್ನು ಲೆಕ್ಕಕ್ಕೆ ಹಿಡಿಯಬೇಕು. ಮೇ ನಡುವಿನ ಹತ್ತು ದಿನಗಳಲ್ಲಿ ಬಿಸಿಲು ತಾನಾಗಿಯೇ ಶೇಕಡಾ 0.4ರಷ್ಟು ಇಳಿಯುತ್ತದೆ.