ಸಿಂಹಕ್ಕೆ ಏರಿಸಿದ ದನಿ

ಕ್ರಿಸ್‌ಮಸ್‌ಗೆ ಮುಂಚಿನ ಆಗಮನ ಕಾಲದ ಒಂದು ಸಂಜೆಯ ಆರಾಧನೆಯಲ್ಲಿ, ಬೈಬಲ್‌ನ ಕೊನೆಯ ಪುಸ್ತಕವಾದ ಪ್ರಕಟನೆಯ ಐದನೆಯ ಅಧ್ಯಾಯವನ್ನು ಓದುವ ಸರದಿ ನನ್ನದಾಗಿತ್ತು. ಮನೆಯಲ್ಲಿ ಎರಡು ಸಲ ಗಟ್ಟಿಯಾಗಿ ಓದಿ ಅಭ್ಯಾಸ ಮಾಡಿಕೊಂಡಿದ್ದೆ. ಏಳು ಮುದ್ರೆಗಳಿರುವ ಸುರುಳಿಯನ್ನು ಬಿಚ್ಚಲು ಯೋಗ್ಯರಾದವರು ಪರಲೋಕದಲ್ಲೂ ಇಲ್ಲ, ಭೂಮಿಯ ಮೇಲೂ ಇಲ್ಲ. ಈ ದರ್ಶನವನ್ನು ಕಂಡು ಬರೆದ ಯೋಹಾನ ಬಹಳವಾಗಿ ಅಳುತ್ತಾನೆ. ಆಗ ಹಿರಿಯರಲ್ಲಿ ಒಬ್ಬನು, ಅಳಬೇಡ, ಯೂದ ಕುಲದ ಸಿಂಹ ಜಯಹೊಂದಿದ್ದಾನೆ ನೋಡು ಎನ್ನುತ್ತಾನೆ. ಆ ‘ಸಿಂಹ’ಕ್ಕೆಂದೇ ದನಿಯನ್ನು ಕೂಡಿಟ್ಟುಕೊಂಡಿದ್ದೆ. ಮೈಕಿನಲ್ಲಿ ಅದು ಬೇಕಾದದ್ದಕ್ಕಿಂತ ತುಸು ಹೆಚ್ಚೇ ಮೊಳಗಿತು. ಮುಂದಿನ ವಾಕ್ಯದಲ್ಲಿ ಯೋಹಾನ ನೋಡುತ್ತಾನೆ, ಅಲ್ಲಿ ಸಿಂಹವಿಲ್ಲ. ಕೊಯ್ದ ಗುರುತಿನೊಡನೆ ಒಂದು ಕುರಿಮರಿ ನಿಂತಿದೆ. ಏರಿಸಿದ ದನಿಯನ್ನು ಎಲ್ಲಿ ಇಳಿಸಬೇಕೆಂದು ತೋಚದೆ ಒಂದು ಕ್ಷಣ ಬಾಯಿ ಕಟ್ಟಿ ನಿಂತೆ. ಕೇಳುತ್ತಿದ್ದವರು ಅದನ್ನು ಭಕ್ತಿಯ ಮೌನವೆಂದುಕೊಂಡಿರಬೇಕು. ನಾನೂ ತಿದ್ದಲು ಹೋಗಲಿಲ್ಲ.

ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳು ತೊಟ್ಟಿಲಿನ ಕಡೆಗೆ ನಡೆಯುವ ದಿನಗಳೆಂದೇ ಹೆಚ್ಚಿನವರ ಎಣಿಕೆ. ಆದರೆ ಮೊದಲ ಭಾನುವಾರ ಓದುವ ಸುವಾರ್ತೆಯಲ್ಲಿ ಮಗುವಿನ ಸುಳಿವೇ ಇರುವುದಿಲ್ಲ. ಲೋಕದ ಅಂತ್ಯ, ಮನುಷ್ಯಕುಮಾರನ ಬರವು, ಎಚ್ಚರವಾಗಿರಿ ಎಂಬ ಮಾತು, ಅಷ್ಟೇ. ಬಂದವನನ್ನು ನೆನೆಯುವ ಮೊದಲು ಬರುವವನನ್ನು ನೆನೆಯಿರಿ ಎಂದು ಸಭೆ ಕ್ಯಾಲೆಂಡರನ್ನೇ ತಿರುಗಿಸಿ ಹಿಡಿಯುತ್ತದೆ. ಹಾಗಾಗಿ ವಾರಕ್ಕೊಂದರಂತೆ ಹಚ್ಚುವ ಮೇಣದಬತ್ತಿಗಳಲ್ಲಿ ಮೊದಲನೆಯದನ್ನು ಹಚ್ಚಿದ ದಿನದಿಂದ ಪ್ರಕಟನೆಯನ್ನು ದಿನಕ್ಕೊಂದು ಅಧ್ಯಾಯದಂತೆ ಓದುವುದು ನನ್ನ ವ್ರತ. ಇಪ್ಪತ್ತೆರಡು ಅಧ್ಯಾಯಗಳು, ಆಗಮನ ಕಾಲ ಎಷ್ಟೇ ಚಿಕ್ಕದಾದರೂ ಇಪ್ಪತ್ತೆರಡು ದಿನಗಳು ಸಿಗುತ್ತವೆ.

ಚಿಕ್ಕಂದಿನಲ್ಲಿ ಈ ಪುಸ್ತಕವೆಂದರೆ ನನಗೆ ಹೆದರಿಕೆಯಾಗುತ್ತಿತ್ತು. ಹೆದರಿಸಿದ್ದು ಪುಸ್ತಕಕ್ಕಿಂತ ಅದರಿಂದ ಲೋಕಾಂತ್ಯದ ದಿನ ಎಣಿಸುವ ಲೆಕ್ಕಿಗರು. ಲೆಕ್ಕಿಗರಿಗೆ ಯಾವ ಕಾಲದಲ್ಲೂ ಬರವಿಲ್ಲ. ಅಮೆರಿಕದ ವಿಲಿಯಂ ಮಿಲ್ಲರ್ ದಾನಿಯೇಲನ ಪುಸ್ತಕದ 2300 ದಿನಗಳನ್ನು ವರ್ಷಗಳೆಂದು ಎಣಿಸಿದ. ಕೊನೆಗೆ ಆತನ ಅನುಯಾಯಿಗಳು 1844ರ ಅಕ್ಟೋಬರ್ 22ರಂದು ಕರ್ತನು ಬರುತ್ತಾನೆಂದು ಕಾದರು. ಮರುದಿನವೂ ಎಂದಿನಂತೆ ಬೆಳಗಾಯಿತು. ಆ ದಿನವಾಗಲಿ ಗಳಿಗೆಯಾಗಲಿ ದೂತರಿಗೂ ಗೊತ್ತಿಲ್ಲ, ಮಗನಿಗೂ ಗೊತ್ತಿಲ್ಲ ಎಂದು ಯೇಸುವೇ ಹೇಳಿದ್ದು ಮಾರ್ಕನ ಸುವಾರ್ತೆಯಲ್ಲಿದೆ. ಆತನಿಗೆ ಗೊತ್ತಿಲ್ಲದ್ದು ನಮಗೆ ಗೊತ್ತಿದೆ ಎನ್ನುವುದಕ್ಕೆ ಬೇರೆಯೇ ಧೈರ್ಯ ಬೇಕು. ಮೃಗವೊಂದರ ಸಂಖ್ಯೆಯೆಂದು ಪ್ರಕಟನೆ ಹೇಳುವ 666ರ ವಿಷಯವೂ ಅಷ್ಟೇ. ರೋಮ್ ಚಕ್ರವರ್ತಿ ನೀರೋನ ಹೆಸರಿನ ಗ್ರೀಕ್ ರೂಪವಾದ ‘ನೀರೋನ್ ಕೈಸರ್’ ಎಂಬುದನ್ನು ಹೀಬ್ರೂ ಅಕ್ಷರಗಳಲ್ಲಿ ಬರೆದು ಅವುಗಳ ಬೆಲೆಯನ್ನು ಕೂಡಿದರೆ ಆ ಸಂಖ್ಯೆ ಬರುತ್ತದೆ. ಕೆಲವು ಹಳೆಯ ಪ್ರತಿಗಳಲ್ಲಿ 616 ಎಂದಿದೆ; ‘ನೀರೋನ್’ ಎಂಬುದರ ಕೊನೆಯ ಒಂದಕ್ಷರವನ್ನು ಬಿಟ್ಟರೆ ಅದೂ ಹೊಂದುತ್ತದೆ. ಮೊದಲ ಓದುಗರು ಮೃಗವನ್ನು ಹುಡುಕಲು ದೂರ ಹೋಗಬೇಕಾಗಿರಲಿಲ್ಲ.

ಯೋಹಾನನಿಗೆ ಪತ್ಮೋಸ್ ದ್ವೀಪದಲ್ಲಿ ಈ ದರ್ಶನವಾದದ್ದು ಚಕ್ರವರ್ತಿ ದೊಮಿತಿಯಾನನ ಆಳ್ವಿಕೆಯ ಕೊನೆಗೆ ಎಂದು ಎರಡನೆಯ ಶತಮಾನದ ಬಿಷಪ್ ಇರೆನೇಯಸ್ ಬರೆಯುತ್ತಾನೆ. ಅಂದರೆ ಕ್ರಿ.ಶ. 95ರ ಆಸುಪಾಸು. ಬರಹ ಹೋದದ್ದು ಏಳು ಸಭೆಗಳಿಗೆ. ಎಲ್ಲವೂ ಇಂದಿನ ಟರ್ಕಿಯ ಪಶ್ಚಿಮ ಭಾಗದಲ್ಲಿದ್ದ ಊರುಗಳು. ಅವುಗಳಲ್ಲೊಂದಾದ ಪೆರ್ಗಮದಲ್ಲಿ ರೋಮಾ ದೇವತೆಗೂ ಚಕ್ರವರ್ತಿ ಔಗುಸ್ತನಿಗೂ ಕ್ರಿ.ಪೂ. 29ರಲ್ಲಿ ಗುಡಿಗೆ ಅನುಮತಿ ಸಿಕ್ಕಿತ್ತು. ಆ ಊರಿನ ಸಭೆಗೆ ಬರೆದ ಮಾತಿನಲ್ಲಿ ಸೈತಾನನ ಸಿಂಹಾಸನವಿರುವ ಸ್ಥಳ ಎಂದಿದೆ. ಅಲ್ಲಿ ಕೊಲೆಯಾದ ಅಂತಿಪನ ಹೆಸರು ಒಂದೇ ಸಲ ಬರುತ್ತದೆ, ‘ನನ್ನ ನಂಬಿಗಸ್ತ ಸಾಕ್ಷಿ’ ಎಂಬ ಬಿರುದಿನೊಡನೆ. ಅವನ ಬಗ್ಗೆ ಪುಸ್ತಕ ಬೇರೇನನ್ನೂ ಹೇಳುವುದಿಲ್ಲ.

ಆ ಸಂಜೆ ನನ್ನ ದನಿ ಸಿಕ್ಕಿಕೊಂಡದ್ದರಿಂದಲೋ ಏನೋ, ಈ ವರ್ಷದ ಓದಿನಲ್ಲಿ ನನಗೆ ಎಲ್ಲೆಲ್ಲೂ ಬಾಯಿಗಳೇ ಕಂಡವು. ಘಟಸರ್ಪವು ಸ್ತ್ರೀಯನ್ನು ಕೊಚ್ಚಿಕೊಂಡು ಹೋಗಲೆಂದು ನೀರನ್ನು ನದಿಯಂತೆ ಬಿಡುವುದು ಬಾಯಿಂದ. ಸಮುದ್ರದಿಂದ ಏರಿಬಂದ ಮೃಗಕ್ಕೆ ದೂಷಣೆಯಾಡುವ ಬಾಯಿ ಕೊಡಲ್ಪಟ್ಟಿದೆ. ಕಪ್ಪೆಗಳಂತಿದ್ದ ಮೂರು ಅಶುದ್ಧಾತ್ಮಗಳು ಹೊರಡುವುದೂ ಬಾಯಿಗಳಿಂದಲೇ. ಭೂಮಿಯಿಂದ ಬಂದ ಎರಡನೆಯ ಮೃಗಕ್ಕಂತೂ ಕುರಿಮರಿಗಿರುವಂಥ ಎರಡು ಕೊಂಬುಗಳು, ಆದರೆ ಮಾತು ಘಟಸರ್ಪದ್ದು. ಮೂಲ ಗ್ರೀಕ್‌ನಲ್ಲಿ ಕುರಿಮರಿ ಎಂಬ ಈ ಪದ 29 ಸಲ ಬರುತ್ತದೆ. 28 ಸಲ ಅದು ಕ್ರಿಸ್ತನನ್ನೇ ಸೂಚಿಸುತ್ತದೆ, ಉಳಿದ ಒಂದು ಇಲ್ಲಿ. ಕೇಡು ಹಲ್ಲು ಮಸೆಯುತ್ತಲೇ ಬರಬೇಕೆಂದಿಲ್ಲ. ನೋಟಕ್ಕೆ ಸಾಧುವಾಗಿಯೇ ಇರುತ್ತದೆ, ಬಾಯಿ ಬಿಟ್ಟಾಗ ಗೊತ್ತಾಗುತ್ತದೆ.

ಎದುರು ಪಕ್ಷದಲ್ಲೂ ಬಾಯಿಯೇ. ಹತ್ತೊಂಬತ್ತನೆಯ ಅಧ್ಯಾಯದಲ್ಲಿ ಬಿಳಿಯ ಕುದುರೆಯನ್ನೇರಿ ಬರುವವನ ಕತ್ತಿ ಕೈಯಲ್ಲಿಲ್ಲ, ಬಾಯಿಂದ ಹೊರಡುತ್ತದೆ. ಆತನ ಹೆಸರು ದೇವರ ವಾಕ್ಯ. ಆತನ ನಿಲುವಂಗಿ ಯುದ್ಧ ಶುರುವಾಗುವ ಮೊದಲೇ ರಕ್ತದಲ್ಲಿ ನೆನೆದಿದೆ. ಅದು ಶತ್ರುಗಳ ರಕ್ತ ಎನ್ನುವವರೂ ಇದ್ದಾರೆ. ಐದನೆಯ ಅಧ್ಯಾಯದ ಕುರಿಮರಿಯನ್ನು ನೋಡಿಬಂದ ಕಣ್ಣಿಗೆ ಅದು ಆತನದೇ ರಕ್ತವಾಗಿ ಕಾಣುತ್ತದೆ. ಇನ್ನು ಆ ಯುದ್ಧ? ಸೈನ್ಯಗಳು ಕೂಡಿಬರುತ್ತವೆ, ಮೃಗ ಸೆರೆಸಿಕ್ಕುತ್ತದೆ. ನಡುವೆ ಹೋರಾಟದ ವರ್ಣನೆ ಒಂದು ಸಾಲೂ ಇಲ್ಲ. ಹರ್ಮಗೆದೋನ್ ಎಂಬ ಹೆಸರು ಇಡೀ ಬೈಬಲ್‌ನಲ್ಲಿ ಬರುವುದು ಒಮ್ಮೆ, ಅರಸರು ಯುದ್ಧಕ್ಕೆ ಸೇರುವ ಸ್ಥಳವಾಗಿ. ನಾವು ಅದರ ಮೇಲೆ ಕಟ್ಟಿದ ಸಿನಿಮಾಗಳಿಗೆ ಲೆಕ್ಕವಿಲ್ಲ.

ನನ್ನನ್ನು ಹೆಚ್ಚು ಹೊತ್ತು ಹಿಡಿದಿಟ್ಟದ್ದು ಹನ್ನೆರಡನೆಯ ಅಧ್ಯಾಯ. ಪ್ರಧಾನದೂತ ಮೀಕಾಯೇಲನೂ ಅವನ ದೂತರೂ ಘಟಸರ್ಪವನ್ನು ದೊಬ್ಬಿದಾಗ ಪರಲೋಕದ ದನಿಯೊಂದು ಆ ಸರ್ಪವನ್ನು, ಅಂದರೆ ಸೈತಾನನನ್ನು, ಕರೆಯುವ ಹೆಸರು: ನಮ್ಮ ಸಹೋದರರ ಮೇಲೆ ಹಗಲಿರುಳು ದೂರು ಹೇಳುವವನು. ಕೊಲ್ಲುವವನು, ಸುಡುವವನು ಎಂದಲ್ಲ. ಅವನ ಕೆಲಸ ದೂರು ಹೇಳುವುದು.

ಈ ದೂರುಗಾರನ ದನಿ ನನಗೆ ಪರಿಚಿತ. ಹಲವು ವರ್ಷಗಳ ಹಿಂದೆ ಕಚೇರಿಯಲ್ಲಿ ಒಂದು ಲೆಕ್ಕದ ತಪ್ಪು ನನ್ನಿಂದಾಯಿತು, ಬೈಗುಳ ಪಕ್ಕದ ಮೇಜಿನವನ ಮೇಲೆ ಬಿತ್ತು. ನಾನು ಕಡತದಲ್ಲಿ ತಲೆ ಹುದುಗಿಸಿ ಸುಮ್ಮನಿದ್ದೆ. ಅವನ ಕಿವಿಗಳು ಕೆಂಪಾದದ್ದು ಓರೆಗಣ್ಣಿಗೆ ಕಾಣುತ್ತಿತ್ತು. ಆಮೇಲೆ ಎಷ್ಟೋ ರಾತ್ರಿ ಎರಡು ಗಂಟೆಗೆ ಎಚ್ಚರವಾದಾಗ ಆ ಕೆಂಪು ಕಿವಿಗಳೇ ಮುಂದೆ ಬರುತ್ತವೆ. ನೀನೇ ಅಲ್ಲವೇ, ಪ್ರಾರ್ಥನೆಗೆ ಮುಂದೆ ಕೂರುವವನು? ದೂರುಗಾರ ಸುಳ್ಳೇ ಹೇಳಬೇಕೆಂದಿಲ್ಲ. ಸಂಗತಿ ನಿಜವೇ, ಅದರ ಮೇಲೆ ಅವನು ಬರೆಯುವ ತೀರ್ಪು ಸುಳ್ಳು: ನೀನು ಇಷ್ಟೇ, ಇನ್ನೇನೂ ಅಲ್ಲ.

ಅವನನ್ನು ಜಯಿಸಿದವರು ಹೇಗೆ ಜಯಿಸಿದರು? ನಾವು ನಿರ್ದೋಷಿಗಳು ಎಂದು ವಾದಿಸಿದ್ದು ಎಲ್ಲೂ ಇಲ್ಲ. ಕುರಿಮರಿಯ ರಕ್ತದಿಂದ, ತಮ್ಮ ಸಾಕ್ಷಿಯ ಮಾತಿನಿಂದ, ಪ್ರಾಣವನ್ನೂ ಲೆಕ್ಕಿಸದೆ ಎಂದಿದೆ. ಮೊದಲನೆಯದು ನನಗೆ ಅಂಗೈಯಷ್ಟು ಪರಿಚಿತ. ಅದನ್ನು ಹಾಡಿಯೇ ಬೆಳೆದವನು. ಎರಡನೆಯದನ್ನು ಓದದೆ ದಾಟುತ್ತಿದ್ದೆ. ಸಾಕ್ಷಿಗೆ ಗ್ರೀಕ್‌ನಲ್ಲಿರುವ ‘ಮಾರ್ತುಸ್’ ಎಂಬ ಪದದಿಂದಲೇ ಹುತಾತ್ಮ ಎಂಬರ್ಥದ ಇಂಗ್ಲಿಷಿನ ‘ಮಾರ್ಟಿರ್’ ಹುಟ್ಟಿದ್ದು. ಆ ಏಳು ಊರುಗಳಲ್ಲೊಂದಾದ ಸ್ಮುರ್ನದ ಬಿಷಪ್ ಪೊಲಿಕಾರ್ಪನನ್ನು ಸುಮಾರು ಕ್ರಿ.ಶ. 155ರಲ್ಲಿ ಕ್ರೀಡಾಂಗಣಕ್ಕೆ ಎಳೆತಂದಾಗ ಅಧಿಕಾರಿ ಕೇಳಿದ್ದು ಬಹಳವೇನಲ್ಲ: ಕೈಸರನ ಮೇಲೆ ಆಣೆಯಿಡು, ಕ್ರಿಸ್ತನನ್ನು ಒಮ್ಮೆ ಹಳಿ, ಬಿಟ್ಟುಬಿಡುತ್ತೇನೆ. ಎಂಬತ್ತಾರು ವರ್ಷ ಆತನ ಸೇವೆ ಮಾಡಿದ್ದೇನೆ, ಆತನು ನನಗೆ ಒಂದು ಕೇಡನ್ನೂ ಮಾಡಲಿಲ್ಲ, ನನ್ನನ್ನು ರಕ್ಷಿಸಿದ ಅರಸನನ್ನು ಹೇಗೆ ದೂಷಿಸಲಿ ಎಂದ ಮುದುಕ. ಅವನನ್ನು ಸುಟ್ಟರು. ಆ ಒಂದು ಮಾತು ಮಾತ್ರ ಅವರಿಗೆ ಸಿಗಲಿಲ್ಲ.

ನನ್ನಿಂದ ಯಾರೂ ಪ್ರಾಣ ಕೇಳಿಲ್ಲ. ಮೂರನೆಯ ಮೇಣದಬತ್ತಿಯ ವಾರದಲ್ಲಿ ಹಳೆಯ ಸಹೋದ್ಯೋಗಿಯ ಸಂಖ್ಯೆಯನ್ನು ಹುಡುಕಿ, ಆ ತಪ್ಪು ನನ್ನದಾಗಿತ್ತು, ಆ ದಿನ ಬಾಯಿ ಬಿಡಲಿಲ್ಲ, ಕ್ಷಮಿಸು ಎಂದು ಬರೆದು ಕಳುಹಿಸಿದೆ. ಬರೆದದ್ದು ನಾಲ್ಕು ಸಾಲು, ಹಿಡಿದದ್ದು ಒಂದು ಗಂಟೆ.

ಕುರಿಮರಿ ಆ ಸುರುಳಿಯ ಮುದ್ರೆಗಳನ್ನು ಒಂದೊಂದಾಗಿ ಒಡೆಯುತ್ತಾ ಹೋಗುತ್ತದೆ. ಐದನೆಯದರಲ್ಲಿ ಯಜ್ಞವೇದಿಯ ಕೆಳಗಿನ ಆತ್ಮಗಳು, ಒಡೆಯನೇ, ಇನ್ನೆಷ್ಟು ಕಾಲ ಎಂದು ಕೂಗುತ್ತವೆ. ಅವರಿಗೆ ಸಿಗುವುದು ಒಂದೊಂದು ಬಿಳಿಯ ನಿಲುವಂಗಿ, ಇನ್ನು ಸ್ವಲ್ಪ ಕಾಲ ತಾಳಿರಿ ಎಂಬ ಮಾತು. ಏಳನೆಯ ಮುದ್ರೆ ಒಡೆದಾಗ ಪರಲೋಕದಲ್ಲಿ ಸುಮಾರು ಅರ್ಧ ಗಂಟೆ ನಿಶ್ಶಬ್ದ. ಅಷ್ಟೆಲ್ಲ ಬಾಯಿಗಳ ಪುಸ್ತಕದಲ್ಲಿ ಎಲ್ಲವೂ ಒಮ್ಮೆಲೇ ಸುಮ್ಮನಾಗುತ್ತವೆ. ಬಳಿಕ ದೂತನ ಕೈಯಿಂದ ಧೂಪದ ಹೊಗೆ ದೇವಜನರ ಪ್ರಾರ್ಥನೆಗಳೊಂದಿಗೆ ಮೇಲೇರುತ್ತದೆ.

ಕಳುಹಿಸಿದ ರಾತ್ರಿ ಮೂರು ಬತ್ತಿಗಳನ್ನೂ ಹಚ್ಚಿ, ಅರ್ಧ ಗಂಟೆ ಮಾತಿಲ್ಲದೆ ಕೂರುವುದೆಂದು ಕುಳಿತೆ. ಮೊದಲ ವಾರದ ಬತ್ತಿ ಅರ್ಧಕ್ಕಿಂತ ಕೆಳಗೆ ಇಳಿದಿತ್ತು. ಹನ್ನೊಂದನೆಯ ನಿಮಿಷಕ್ಕೆ ಕೈ ತಾನಾಗಿಯೇ ಮೊಬೈಲಿನತ್ತ ಹೋಯಿತು, ಉತ್ತರ ಬಂದಿದೆಯೇ ಎಂದು. ಬಂದಿರಲಿಲ್ಲ. ಮೊಬೈಲನ್ನು ಮಗುಚಿಟ್ಟು ಮತ್ತೆ ಕುಳಿತೆ.