ಇಲಾ ಅಲ್ಲ, ಇಳಾ. ಹೌದು, ಮಳೆಯ ಳ

"ಇಲಾನಾ, ಇಳಾನಾ?"

ಮೂರು ವರ್ಷದಿಂದ ಮಗಳ ಹೆಸರು ಹೇಳಿದಾಗಲೆಲ್ಲ ಇದೇ ಪ್ರಶ್ನೆ. ಹಿಂದೆಯೇ ಬಾಲದ ಹಾಗೆ ಇನ್ನೊಂದು: "ಯಾರೂ ಇಡದ ಹೆಸರು ಯಾಕೆ ಇಟ್ರಿ?" ಹೇಳಿ ಹೇಳಿ ಸಾಕಾಗಿದೆ. ಇನ್ನು ಮೇಲೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಇಳಾ. ಇಳೆ ಅಂದ್ರೆ ಭೂಮಿ ಅಲ್ವಾ, ಅದೇ. ಇಲಾ, ಇಡಾ ಅಂತಲೂ ಇದೆ, ಒಪ್ಪಿದೆ. ಆದರೆ ಋಗ್ವೇದದಲ್ಲಿ ಸರಸ್ವತಿಯ ಜೊತೆ ಬರುವ ದೇವಿ ಇಳಾನೇ. "ಸಂಸ್ಕೃತದಲ್ಲಿ ಳ ಎಲ್ಲಿದೆಯಮ್ಮ" ಅಂತ ಪಾಠ ಹೇಳಲು ಬಂದ ದೊಡ್ಡವರೊಬ್ಬರಿಗೆ ಋಗ್ವೇದ ಶುರುವಾಗುವುದೇ "ಅಗ್ನಿಮೀಳೇ" ಅಂತ ನೆನಪಿಸಿದೆ. ಅವತ್ತಿನಿಂದ ಅವರು ಪ್ರಶ್ನೆ ಬದಲಾಯಿಸಿದ್ದಾರೆ: "ಪುರಾಣದ ಇಳಾ ಒಂದು ತಿಂಗಳು ಗಂಡು, ಒಂದು ತಿಂಗಳು ಹೆಣ್ಣು ಆಗಿದ್ದವಳಲ್ವಾ?" ಹೌದು. ಪುರೂರವನನ್ನೂ ಹೆತ್ತಳು, ಸುದ್ಯುಮ್ನನಾಗಿ ರಾಜ್ಯವನ್ನೂ ಆಳಿದಳು. ನಿಮಗೇನು ಕಷ್ಟ?

ಹಿಂದಿಯವರು ಇಲಾ ಅಂದರೆ ನನಗೆ ಬೇಜಾರಿಲ್ಲ, ಅವರ ನಾಲಿಗೆಗೆ ಳ ಅಭ್ಯಾಸವಿಲ್ಲ. ಆದರೆ ಹಲ್ಲಿಗೂ ಹಳ್ಳಿಗೂ ಒಂದು ದಿನವೂ ತಪ್ಪದ ನಮ್ಮವರೇ, ಊಟಕ್ಕೆ ಕೂತು ಹುಲಿ ಬಡಿಸಿ ಅಂತ ಎಂದೂ ಕೇಳದವರೇ, ನನ್ನ ಮಗಳ ಹೆಸರಿಗೆ ಬಂದಾಗ "ಇಲಾ ಅಂದ್ರೆ ಸ್ಟೈಲಾಗಿರುತ್ತೆ" ಅಂತಾರಲ್ಲ, ಅಲ್ಲಿ ಉರಿಯುತ್ತೆ. "ನಾಳೆ ಅಮೆರಿಕಾಗೆ ಹೋದ್ರೆ?" ಅಂತಾರೆ ಸೋದರತ್ತೆ. ಅವಳಿಗೆ ಇನ್ನೂ ಎಡಗಾಲಿನ ಚಪ್ಪಲಿ ಎಡಗಾಲಿಗೆ ಹಾಕೋಕೆ ಬರಲ್ಲ ಅತ್ತೆ. ಅಲ್ಲಿನವರು ಐಲಾ ಅಂತ ಓದಿದರೂ ಓದಿಯಾರು. ನಮ್ಮ ಕಡೆ ಐಲು ಅಂದ್ರೆ ಏನು ಅಂತ ಬಿಡಿಸಿ ಹೇಳಬೇಕಾ?

ಇಂಗ್ಲಿಷ್ ಸ್ಪೆಲಿಂಗಿನ ಕಥೆ ಬೇರೆಯೇ. ದೊಡ್ಡ ಐ, ಸಣ್ಣ ಎಲ್ ಎರಡೂ ಪಕ್ಕಪಕ್ಕದ ಲೈಟ್ ಕಂಬಗಳ ಹಾಗೆ ನಿಂತಿರುತ್ತವೆ. ಒಂಬತ್ತು ತಿಂಗಳ ಚುಚ್ಚುಮದ್ದಿಗೆ ಹೋದಾಗ ನರ್ಸ್ ಚೀಟಿ ನೋಡಿದಳು, ಕಣ್ಣು ಕಿರಿದು ಮಾಡಿದಳು, ಆಮೇಲೆ ಜೋರಾಗಿ "ಎಲ್ಲಾ!" ಅಂತ ಕೂಗಿದಳು. ಕೂತಿದ್ದ ಅಮ್ಮಂದಿರೆಲ್ಲ ಮಕ್ಕಳನ್ನು ಎತ್ತಿಕೊಂಡು ಎದ್ದರು. ಒಬ್ಬರ ಬ್ಯಾಗಿನಿಂದ ಹಾಲಿನ ಬಾಟಲಿ ಉರುಳಿ ಬೆಂಚಿನ ಕೆಳಗೆ ಹೋಯಿತು. ಬಾಗಿಲ ಹತ್ತಿರ ನೂಕುನುಗ್ಗಲು, "ನಮ್ಮ ಟೋಕನ್ ಮೊದಲು ರೀ" ಅಂತ ಜಗಳ. ನಾನೊಬ್ಬಳೇ ಕೂತಿದ್ದೆ. ಎಲ್ಲಾ ಅಂದ್ರೆ ನನ್ನ ಮಗಳೇ ಅಂತ ತಲೆಗೆ ಹೋಗುವಷ್ಟರಲ್ಲಿ ನಾಲ್ಕು ಮಕ್ಕಳು ಒಳಗೆ ಹೋಗಿ ಅತ್ತುಕೊಂಡು ಹೊರಗೆ ಬಂದಿದ್ದವು.

ಎಲ್ಲರೂ ಇಡುವ ಹೆಸರು ಇಡಬಹುದಿತ್ತು, ನಿಜ. ಅವಳ ಪ್ಲೇಹೋಮ್‌ನಲ್ಲಿ ಇಬ್ಬರು ಆದ್ಯಾ, ಇಬ್ಬರು ಆರಾಧ್ಯ. ನಾನು ಚಿಕ್ಕವಳಿದ್ದಾಗ ಆರಾಧ್ಯ ಅಂತ ಮೈಸೂರು ಕಡೆ ಗಂಡಸರ ಹೆಸರಿನ ಕೊನೆಗೆ ಬರುತ್ತಿತ್ತು, ಕೇಳಿದರೆ ಕಣ್ಣಮುಂದೆ ಮೀಸೆ ಬರುತ್ತಿತ್ತು. 2011ರಲ್ಲಿ ಹುಟ್ಟಿದ ಮಗಳಿಗೆ ಐಶ್ವರ್ಯಾ ರೈ ಆ ಹೆಸರಿಟ್ಟ ಮೇಲೆ ನೋಡಿ, ತೊಟ್ಟಿಲಿಗೆ ಬಂತು. ಅದನ್ನು ಯಾಕೆ ಇಟ್ರಿ ಅಂತ ಆ ಅಮ್ಮಂದಿರನ್ನು ಯಾರೂ ಕೇಳಲ್ಲ.

ಯಾರಾದರೂ ಒಮ್ಮೆ "ಅವಳು ತನ್ನನ್ನ ಏನಂತ ಕರ್ಕೋತಾಳೆ?" ಅಂತ ಕೇಳಿದ್ದರೆ ಕಾಫಿ ಕೊಟ್ಟು ಕೂರಿಸುತ್ತಿದ್ದೆ. ಯಾಕಂದ್ರೆ ಇಷ್ಟೆಲ್ಲ ಜಗಳ ಆಡಿ ಉಳಿಸಿಕೊಂಡ ಳ ಅವಳಿಗೇ ಬರಲ್ಲ. ಇಯಾ ಅಂತಾಳೆ. "ಮಯೆ ಬಂತು, ಇಯಾಗೆ ಛತ್ರಿ." ಮನೆಯವರು ನನ್ನ ಮುಖ ನೋಡಿ ನಗುತ್ತಾರೆ.

ಹೋದ ವಾರ ಇದ್ದಕ್ಕಿದ್ದ ಹಾಗೆ ಅವಳಿಗೆ ಳ ಸಿಕ್ಕಿತು. ಈಗ ಕಂಡಕಂಡಲ್ಲಿ ಹಾಕುತ್ತಾಳೆ. ಬೆಳಿಗ್ಗೆ ಅಜ್ಜಿಯ ಸೆರಗು ಎಳೆದು "ಹಾಳು ಬೇಕು, ಹಾಳು" ಅಂತ ರಂಪ. ಅಜ್ಜಿ ಲೋಟಕ್ಕೆ ಹಾಲು ಬಗ್ಗಿಸುತ್ತಾ "ಯಾರಿಗೆ ಬೇಕಂತೆ ಹಾಳು?" ಅಂತ ಕೇಳಿದರು.

"ಇಯಾಗೆ."