‘ಒಂದು ಬಸ್’ ಅಂದರೆ ಎಷ್ಟು?

ಮದುವೆಗೆ ಹೋದರೂ ಅದೇ ಪ್ರಶ್ನೆ, ಮಣ್ಣಿಗೆ ಹೋದರೂ ಅದೇ ಪ್ರಶ್ನೆ. "ಸಾಹೇಬ್ರ, ಇಷ್ಟು ವರ್ಷ ಸಾರಿಗೆಯಾಗ ಇದ್ರಿ, ದೊಡ್ಡ ಕುರ್ಚಿ ಮ್ಯಾಲೂ ಕುಂತ್ರಿ, ನಮ್ಮೂರಿಗಿ ಒಂದು ಬಸ್ ಹಾಕ್ಸಾಕ ಆಗ್ಲಿಲ್ಲೇನ್ರಿ?" ಮೊದಲೆಲ್ಲ ನಗುತ್ತಾ ಉತ್ತರ ಕೊಡುತ್ತಿದ್ದೆ. ಈಗ ಸಾಕಾಗಿದೆ. ಇನ್ನು ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ನನಗೆ ಸಿಟ್ಟು ಬರುವುದು ಆ ‘ಒಂದು’ ಅನ್ನುವ ಮಾತಿಗೆ. ಹಳ್ಳಿಯಿಂದ ಬೆಳಿಗ್ಗೆ ಬಸ್ ಹೊರಡಬೇಕು ಅಂದರೆ ಅದು ಹಿಂದಿನ ರಾತ್ರಿಯೇ ಅಲ್ಲಿಗೆ ಹೋಗಿ ನೈಟ್ ಹಾಲ್ಟ್ ಮಾಡಬೇಕು, ಡ್ರೈವರ್ ಕಂಡಕ್ಟರ್ ಮಲಗಲು ಒಂದು ಖೋಲಿ ಬೇಕು, ನೀರು ಬೇಕು, ಬಸ್ ತಿರುಗಿಸಲು ಜಾಗ ಬೇಕು. ಮಳೆ ಬಂದರೆ ನಮ್ಮ ಕಡೆಯ ಕರಿಮಣ್ಣು ಗಾಲಿ ಬಿಡುವುದಿಲ್ಲ, ಹಾಗಾಗಿ ರಸ್ತೆಯೂ ಬೇಕು. ರಸ್ತೆ, ಖೋಲಿ ಎರಡೂ ಸಾರಿಗೆಯವರ ಕೈಯಲ್ಲಿಲ್ಲ.

2000ರಲ್ಲಿ ನಮ್ಮ ಭಾಗದ ಸಾರಿಗೆ ನಿಗಮ ಬೇರೆಯಾಗಿ ಕೇಂದ್ರ ಕಚೇರಿ ಕಲಬುರಗಿಗೇ ಬಂತು. ಎರಡು ವರ್ಷಕ್ಕೆ, ರಾಜ್ಯದ ಪ್ರಾದೇಶಿಕ ಅಸಮಾನತೆ ಅಳೆದ ನಂಜುಂಡಪ್ಪ ಸಮಿತಿಯ ವರದಿ ಬಂತು. ರಾಜ್ಯದ 39 ಅತಿ ಹಿಂದುಳಿದ ತಾಲೂಕುಗಳಲ್ಲಿ 21 ನಮ್ಮ ಕಲಬುರಗಿ ವಿಭಾಗದವು! ಆ ಪಟ್ಟಿ ಎಷ್ಟೋ ದಿನ ನನ್ನ ಟೇಬಲ್ ಮೇಲೇ ಇತ್ತು. ಆಮೇಲೆ ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371ಜೆ ವಿಧಿ, 2013ರಲ್ಲಿ ಈ ಭಾಗದ ಅಭಿವೃದ್ಧಿ ಮಂಡಳಿ. ಮಂಡಳಿಯ ಯೋಜನೆಯವರ ಜೊತೆ ಕೂತಾಗ ಮೊದಲ ತೊಡಕೇ ನಕಾಶೆ. ವಿಜಯಪುರ ನಮ್ಮ ನಿಗಮದಲ್ಲಿದೆ, ಮಂಡಳಿಯಲ್ಲಿ ಇಲ್ಲ. ಅವರು ತಾಲೂಕು ಲೆಕ್ಕ ಹಾಕುತ್ತಾರೆ, ನಾವು ಡಿಪೋ, ಶೆಡ್ಯೂಲ್ (ಒಂದು ಬಸ್ಸಿನ ದಿನದ ಓಡಾಟ), ಕಿಲೋಮೀಟರ್ ಲೆಕ್ಕ ಹಾಕುತ್ತೇವೆ. ಒಬ್ಬರ ಮಾತು ಒಬ್ಬರಿಗೆ ತಿಳಿಯೋಕೇ ದಿನ ಹಿಡಿಯಿತು.

ಒಮ್ಮೆ ಆಳಂದ ಕಡೆಯ ಒಂದು ಊರಿಗೆ ಮಂಡಳಿಯ ಒಬ್ಬ ಅಧಿಕಾರಿಯನ್ನು ಕರೆದುಕೊಂಡು ಹೋಗಿದ್ದೆ. ಹಿರಿಯರೆಲ್ಲ ಗುಡಿ ಕಟ್ಟೆ ಮೇಲೆ ಕೂತು "ಇನ್ನೊಂದು ಬಸ್ ಕೊಡ್ರಿ" ಅಂದರು. ಹಿಂದೆ ನಿಂತಿದ್ದ ಪಿಯುಸಿ ಹುಡುಗಿ ಹೇಳಿದಳು: "ಬಸ್ ಅದರೀ. ಎಂಟೂವರಿಗಿ ಬರ್ತದ. ಕಾಲೇಜು ಎಂಟಕ್ಕೇ ಶುರು ಆಗ್ತದ." ಆ ಅಧಿಕಾರಿ ನಕಾಶೆ ಮಡಚಿಟ್ಟು ಅವಳು ಹೇಳಿದ್ದನ್ನು ಬರೆದುಕೊಂಡರು. ಪಂಚಾಯ್ತಿಯವರು ಖೋಲಿ ಕೊಟ್ಟರು, ನಾವು ಬಸ್ಸಿಗೆ ಅಲ್ಲೇ ನೈಟ್ ಹಾಲ್ಟ್ ಹಾಕಿ ಬೆಳಿಗ್ಗೆ ಏಳಕ್ಕೆ ಹೊರಡಿಸಿದೆವು. ಹೊಸ ಬಸ್ ಬೇಕಾಗಲೇ ಇಲ್ಲ. ಮುಂದಿನ ಊರಿನ ತರಕಾರಿಯವರು ಮಾತ್ರ ತಿಂಗಳುಗಟ್ಟಲೆ ನನ್ನನ್ನು ಬೈದರು. ಅವರ ಬೈಗುಳವೂ ಸರಿಯೇ, ಅವರ ಸಂತೆಗೆ ಆ ಎಂಟೂವರೆಯೇ ಬೇಕಾಗಿತ್ತು.

ಯಾರಿಗೆ, ಎಷ್ಟು ಗಂಟೆಗೆ? ಈ ಪ್ರಶ್ನೆ ಮಾತ್ರ ನನ್ನನ್ನು ಯಾರೂ ಕೇಳಲಿಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿನ ಚಿಂತೆ ತಪ್ಪಿತು. ಆದರೆ ಹೊತ್ತಿಗೆ ಬಾರದ ಬಸ್ ಪುಕ್ಕಟೆ ಇದ್ದರೇನು? ಮಂಡಳಿ ದುಡ್ಡು ಕೊಟ್ಟು ಬಸ್ ಕೊಡಿಸಬಹುದು, ಆ ಹೊತ್ತನ್ನು ಊರಿನವರೇ ಹೇಳಬೇಕು, ಅಲ್ವಾ?

ಮೊನ್ನೆ ಮದುವೆ ಊಟದ ಪಂಕ್ತಿಯಲ್ಲೂ ಒಬ್ಬರು ಕೇಳಿದರು. "ಎಷ್ಟಕ್ಕೆ ಬೇಕು?" ಅಂದೆ. "ಎಷ್ಟಕ್ಕಾದ್ರೂ ನಡೀತದ್ರಿ" ಅಂದರು. ನಡೆಯಲ್ಲ ರೀ. ನಿಮ್ಮೂರಿನ ಎಷ್ಟು ಮಕ್ಕಳು ಯಾವ ಕಾಲೇಜಿಗೆ ಹೋಗುತ್ತಾರೆ, ದವಾಖಾನೆಗೆ ಯಾವ ದಿನ ಜಾಸ್ತಿ ಜನ ಹೋಗುತ್ತಾರೆ, ಸಂತೆ ಎಂದು, ಎಲ್ಲ ಒಂದು ಹಾಳೆಯಲ್ಲಿ ಬರೆಯಿರಿ. ಒಂದು ಪ್ರತಿ ಡಿಪೋ ಮ್ಯಾನೇಜರ್‌ಗೆ, ಒಂದು ಮಂಡಳಿಗೆ. ಕೊಡಲು ಹೋಗುವಾಗ ನನ್ನನ್ನೂ ಕರೆಯಿರಿ, ಬರುತ್ತೇನೆ.